ಯಾರ ಹೊಗೆ, ಯಾರ ನೆಲದ ಕೆಳಗೆ?

ಇವತ್ತು ನಾನು ಮಾತಾಡೋ ವಿಷಯ ಮೊದಲ ಸಲ ಕೇಳಿದಾಗ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಕಾರ್ಖಾನೆಯ ಚಿಮಣಿಯಿಂದ ಹೊರಬೀಳುವ ಕಾರ್ಬನ್ ಡೈಆಕ್ಸೈಡನ್ನು ಹಿಡಿದು, ಒತ್ತಿ, ಭೂಮಿಯ ಆಳದಲ್ಲಿ ಹೂಳುವುದು. ಇಂಗ್ಲಿಷಿನವರು ಇದನ್ನು ಕಾರ್ಬನ್ ಸ್ಟೋರೇಜ್ ಅಂತಾರೆ. ಇದರ ಎಂಜಿನಿಯರಿಂಗ್ ಬಗ್ಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ನಾನು ಕೇಳೋ ಪ್ರಶ್ನೆ ಬೇರೆ. ಅದೇ ಗ್ಯಾಸು, ಅದೇ ಆಳ, ಅದೇ ತಂತ್ರಜ್ಞಾನ. ಆದರೂ ಒಂದು ಊರು "ಆಗಲಿ" ಅನ್ನುತ್ತೆ, ಇನ್ನೊಂದು ಊರು ಬೀದಿಗಿಳಿಯುತ್ತೆ. ಯಾಕೆ?

ನಾನು ಪುಣೆಯಲ್ಲಿ ಐಟಿ ಕೆಲಸದಲ್ಲಿದ್ದೀನಿ. ಊರು ವಿಜಯಪುರದ ಕಡೆ. ಕೆಲವು ವರ್ಷಗಳಿಂದ ನಮ್ಮ ಟೀಮು ಯುರೋಪಿನ ಒಂದು ಗ್ರಾಹಕ ಸಂಸ್ಥೆಗಾಗಿ ಸೆನ್ಸರ್ ಡೇಟಾ ನೋಡಿಕೊಳ್ಳುತ್ತೆ: ಒತ್ತಡ, ಉಷ್ಣತೆ, ಸಣ್ಣಪುಟ್ಟ ಕಂಪನ. ನಮಗೆಲ್ಲ ಗೊತ್ತಿರೋ ಹಾಗೆ ಪ್ರತಿ ಪ್ರಾಜೆಕ್ಟಿಗೂ ಒಂದು ರಿಸ್ಕ್ ರಿಜಿಸ್ಟರ್ ಇರುತ್ತೆ. ಇಂಥ ಪ್ರಾಜೆಕ್ಟುಗಳ ರಿಜಿಸ್ಟರಿನಲ್ಲಿ ಕೊನೆಗೆ ಒಂದು ಸಾಲು ಇದ್ದೇ ಇರುತ್ತೆ. "ಜನರ ವಿರೋಧ. ಸಾಧ್ಯತೆ: ಮಧ್ಯಮ. ಪರಿಹಾರ: ಜಾಗೃತಿ ಕಾರ್ಯಕ್ರಮ." ಅಂದ್ರೆ ಜನರಿಗೆ ತಿಳಿವಳಿಕೆ ಕಡಿಮೆ, ತಿಳಿಸಿಬಿಟ್ಟರೆ ಒಪ್ಪಿಕೊಳ್ತಾರೆ ಅಂತ ಲೆಕ್ಕ. ಈ ಲೆಕ್ಕ ಎಷ್ಟು ಸರಿ ಅಂತ ನೋಡೋಣ.

ಮೊದಲು ತಂತ್ರಜ್ಞಾನ ಎರಡು ಮಾತಿನಲ್ಲಿ. ಸುಮಾರು 800 ಮೀಟರ್‌ಗಿಂತ ಕೆಳಗೆ ಹೋದರೆ ಅಲ್ಲಿನ ಒತ್ತಡಕ್ಕೆ ಕಾರ್ಬನ್ ಡೈಆಕ್ಸೈಡ್ ಹೆಚ್ಚುಕಮ್ಮಿ ದ್ರವದಷ್ಟು ದಟ್ಟವಾಗುತ್ತೆ. ಅದು ಮರಳುಗಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂರುತ್ತೆ. ಮೇಲೆ ಹಾಯಲು ಬಿಡದ ಒಂದು ಬಿಗಿ ಕಲ್ಲಿನ ಪದರ ಇರಬೇಕು, ಪಾತ್ರೆಗೆ ಮುಚ್ಚಳ ಇದ್ದ ಹಾಗೆ. ನಾರ್ವೆಯವರು 1996ರಿಂದ ಸ್ಲೈಪ್ನರ್ ಅನ್ನೋ ಜಾಗದಲ್ಲಿ, ಸಮುದ್ರದ ತಳದ ಕೆಳಗೆ, ಇದನ್ನು ಮಾಡ್ತಾ ಬಂದಿದ್ದಾರೆ. ಬಹಳ ವರ್ಷ ಅಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಟನ್ ಒಳಗೆ ಹೋಗಿದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ, ಅಂದ್ರೆ ಐಪಿಸಿಸಿ, 2005ರ ವರದಿಯಲ್ಲಿ ಹೇಳಿದ್ದು ಇಷ್ಟು: ಜಾಗವನ್ನು ಸರಿಯಾಗಿ ಆರಿಸಿ, ಸರಿಯಾಗಿ ನೋಡಿಕೊಂಡರೆ, ಹೂಳಿದ್ದರಲ್ಲಿ ಶೇಕಡ 99ಕ್ಕಿಂತ ಹೆಚ್ಚು ಭಾಗ 100 ವರ್ಷ ಕಳೆದರೂ ಅಲ್ಲೇ ಉಳಿಯುವ ಸಂಭವ ಬಹಳ ಜಾಸ್ತಿ.

ಎಂಜಿನಿಯರಿಗೆ ಈ ಅಂಕಿ ಸಾಕು. ಊರಿಗೆ ಸಾಕಾಗಲಿಲ್ಲ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಪಕ್ಕದಲ್ಲಿ ಬಾರೆಂಡ್ರೆಖ್ಟ್ ಅಂತ ಒಂದು ಪಟ್ಟಣ ಇದೆ. 40 ಸಾವಿರಕ್ಕೂ ಹೆಚ್ಚು ಜನ, ನಮ್ಮ ಹಾಗೇ ಇಎಂಐ ಕಟ್ಟುವ ಕುಟುಂಬಗಳು. ಆ ಪಟ್ಟಣದ ಅಡಿಯಲ್ಲಿ ನೈಸರ್ಗಿಕ ಅನಿಲ ತೆಗೆದು ಖಾಲಿಯಾಗುತ್ತಿದ್ದ ಎರಡು ನಿಕ್ಷೇಪಗಳಿದ್ದವು. ರಾಟರ್‌ಡ್ಯಾಮ್ ಸಂಸ್ಕರಣಾಗಾರದ ಕಾರ್ಬನ್ ಡೈಆಕ್ಸೈಡನ್ನು, ಒಟ್ಟು ಸುಮಾರು 1 ಕೋಟಿ ಟನ್, ಅಲ್ಲಿ ತುಂಬೋದು ಶೆಲ್ ಕಂಪನಿಯ ಯೋಜನೆ. ಲಕ್ಷಾಂತರ ವರ್ಷ ಅನಿಲವನ್ನು ಹಿಡಿದಿಟ್ಟ ಕಲ್ಲು ಇದನ್ನೂ ಹಿಡಿದಿಡುತ್ತೆ ಅನ್ನೋದು ಅವರ ವಾದ. ಕೇಳೋಕೆ ತರ್ಕಬದ್ಧವೇ.

ಆದರೆ ಪಟ್ಟಣದ ಜನ ಕೇಳಿದ್ದು ಬೇರೆ. ಸಮುದ್ರದ ಕೆಳಗೆ ಬೇಕಾದಷ್ಟು ಜಾಗ ಇರುವಾಗ ನಮ್ಮ ಮನೆಗಳ ಕೆಳಗೇ ಯಾಕೆ? ಲಾಭ ಕಂಪನಿಗೆ, ಮನೆಯ ಬೆಲೆ ಬಿದ್ದರೆ ನಷ್ಟ ಯಾರಿಗೆ? ನಮ್ಮನ್ನು ಯಾವಾಗ ಕೇಳಿದಿರಿ? ಪುರಸಭೆ ವಿರೋಧಿಸಿತು. 2009ರಲ್ಲಿ ಕೇಂದ್ರ ಸರ್ಕಾರ ಅದನ್ನು ಬದಿಗಿಟ್ಟು ಮುಂದುವರಿಯುವ ತೀರ್ಮಾನ ಮಾಡಿತು. ಸಮುದ್ರಮಟ್ಟಕ್ಕಿಂತ ಕೆಳಗಿನ ನೆಲವನ್ನು ಒಡ್ಡು ಕಟ್ಟಿ ಉಳಿಸಿಕೊಂಡ ದೇಶ ಅದು. ಎಲ್ಲರೂ ಕೂತು ಮಾತಾಡಿ ಒಪ್ಪಿ ಮುಂದೆ ಹೋಗೋದು ಅವರಿಗೆ ಹೆಮ್ಮೆಯ ಪದ್ಧತಿ. ಆ ಪದ್ಧತಿಗೇ ಪೆಟ್ಟು ಬಿದ್ದಾಗ ಸೋರಿಕೆಯ ಲೆಕ್ಕವನ್ನು ನಂಬೋರು ಯಾರು? 2010ರ ನವೆಂಬರ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಕಾರಣಗಳಲ್ಲಿ ಒಂದು, ಸ್ಥಳೀಯ ಬೆಂಬಲ ಪೂರ್ತಿ ಇಲ್ಲದಿರುವುದು. ಮುಂದೆ 2023ರಲ್ಲಿ ಅದೇ ರಾಟರ್‌ಡ್ಯಾಮ್ ಬಂದರಿನ ಪೋರ್ಥೋಸ್ ಯೋಜನೆಗೆ ಅಂತಿಮ ಒಪ್ಪಿಗೆ ಸಿಕ್ಕಿತು. ಆದರೆ ಹೂಳುವ ಜಾಗ ದಡದಿಂದ ಸುಮಾರು 20 ಕಿಲೋಮೀಟರ್ ದೂರ, ಸಮುದ್ರದ ಕೆಳಗೆ.

ಇದನ್ನು ಅರ್ಥ ಮಾಡಿಕೊಳ್ಳೋಕೆ ಒಬ್ಬ ಮಾನವಶಾಸ್ತ್ರಜ್ಞೆಯ ಹತ್ತಿರ ಹೋಗಬೇಕು. ಮೇರಿ ಡಗ್ಲಸ್. ಕಾಂಗೋದ ಲೆಲೆ ಜನರ ನಡುವೆ ಇದ್ದು ಅಧ್ಯಯನ ಮಾಡಿದವರು. 1966ರ ಪುಸ್ತಕದಲ್ಲಿ ಅವರು ಶುದ್ಧ, ಅಶುದ್ಧ ಅನ್ನೋ ಕಲ್ಪನೆಯನ್ನು ಪರೀಕ್ಷಿಸಿದರು. ಅವರ ವಾದದ ಸಾರ ಹೀಗೆ: ಕೊಳೆ ಅನ್ನೋದು ವಸ್ತುವಿನ ಗುಣ ಅಲ್ಲ, ಇರಬಾರದ ಜಾಗದಲ್ಲಿ ಇರುವ ವಸ್ತು. ನಮಗೆ ಇದನ್ನು ವಿವರಿಸೋದೇ ಬೇಡ, ನಮ್ಮ ಭಾಷೇಲಿ "ಎಂಜಲು" ಅನ್ನೋ ಪದ ಇದೆ. ನನ್ನ ತಟ್ಟೆಯ ಅನ್ನ ನನಗೆ ಅನ್ನ. ಅದನ್ನೇ ಎತ್ತಿ ನಿಮ್ಮ ತಟ್ಟೆಗೆ ಹಾಕಿದರೆ ಎಂಜಲು. ಲ್ಯಾಬಿಗೆ ಕಳಿಸಿದರೆ ಎರಡೂ ಒಂದೇ ಅನ್ನ ಅಂತ ರಿಪೋರ್ಟ್ ಬರುತ್ತೆ. ಆ ರಿಪೋರ್ಟ್ ತೋರಿಸಿ ನಿಮಗೆ ಊಟ ಮಾಡಿಸೋಕೆ ಆಗುತ್ತಾ?

ಐಸ್‌ಲ್ಯಾಂಡಿನಲ್ಲಿ ಇದಕ್ಕೆ ಹತ್ತಿರದ ಒಂದು ಘಟನೆ ನಡೆಯಿತು. ಅಲ್ಲಿನ ಕಾರ್ಬ್‌ಫಿಕ್ಸ್ ಸಂಸ್ಥೆ ಕಾರ್ಬನ್ ಡೈಆಕ್ಸೈಡನ್ನು ನೀರಲ್ಲಿ ಕರಗಿಸಿ, ಸೋಡಾ ಥರ ಮಾಡಿ, ಬಸಾಲ್ಟ್ ಕಲ್ಲಿನೊಳಗೆ ಇಳಿಸುತ್ತೆ. ಅಲ್ಲಿ ಅದು ಕಲ್ಲಿನ ಜೊತೆ ಸೇರಿ ತಾನೇ ಕಲ್ಲಾಗುತ್ತೆ. ಪ್ರಯೋಗದಲ್ಲಿ ಶೇಕಡ 95ರಷ್ಟು ಎರಡು ವರ್ಷದೊಳಗೆ ಖನಿಜವಾಯಿತು ಅಂತ 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಹೆಲ್ಲಿಸ್‌ಹೇಡಿ ಅನ್ನೋ ಭೂಶಾಖದ ವಿದ್ಯುತ್ ಕೇಂದ್ರದ ಹತ್ತಿರ, ಅದೇ ಕೇಂದ್ರದ ಗ್ಯಾಸನ್ನು ಇಳಿಸಿದಾಗ ದೊಡ್ಡ ಗಲಾಟೆ ಆಗಲಿಲ್ಲ. ಆಮೇಲೆ ಹಾಫ್ನಾರ್‌ಫ್ಯೋರ್ದುರ್ ಪಟ್ಟಣದ ಅಂಚಿನಲ್ಲಿ ಯುರೋಪಿನಿಂದ ಹಡಗಿನಲ್ಲಿ ತಂದ ಗ್ಯಾಸನ್ನು ಇಳಿಸುವ ಯೋಜನೆ ಬಂತು. ಅಲ್ಲಿ ಜನ ಎದ್ದು ನಿಂತರು. ಅಂತರ್ಜಲದ ಚಿಂತೆ ಇತ್ತು, ಮನೆಗಳ ಹತ್ತಿರ ಅನ್ನೋ ಚಿಂತೆಯೂ ಇತ್ತು. ಜೊತೆಗೆ, ಬೇರೆಯವರ ಕಸ ನಮ್ಮಲ್ಲಿ ಯಾಕೆ ಅನ್ನೋ ಮಾತು. 2025ರಲ್ಲಿ ಸಂಸ್ಥೆ ಅಲ್ಲಿಂದ ಹಿಂದೆ ಸರಿಯಿತು. ಒಂದೇ ದೇಶ, ಒಂದೇ ವಿಧಾನ. ಬದಲಾಗಿದ್ದರಲ್ಲಿ ಮುಖ್ಯವಾದದ್ದು ಗ್ಯಾಸ್ ಎಲ್ಲಿಂದ ಬಂತು, ಯಾರ ಮನೆ ಬಾಗಿಲಿಗೆ ಬಂತು ಅನ್ನೋದು.

ಡಗ್ಲಸ್ ಅವರು 1982ರಲ್ಲಿ ಆರನ್ ವಿಲ್ಡಾವ್ಸ್ಕಿ ಅನ್ನೋ ರಾಜಕೀಯ ವಿದ್ವಾಂಸರ ಜೊತೆ ಸೇರಿ ಇನ್ನೊಂದು ಪುಸ್ತಕ ಬರೆದರು, ರಿಸ್ಕ್ ಮತ್ತು ಸಂಸ್ಕೃತಿಯ ಮೇಲೆ. ಸಾವಿರ ಅಪಾಯಗಳ ನಡುವೆ ಯಾವುದಕ್ಕೆ ಹೆದರಬೇಕು ಅಂತ ಮನುಷ್ಯ ಒಬ್ಬನೇ ಕೂತು ಲೆಕ್ಕ ಹಾಕಲ್ಲ, ತಾನು ಬದುಕುವ ಸಮಾಜದ ಮೌಲ್ಯಗಳು ಅದನ್ನು ಆರಿಸಿಕೊಡುತ್ತವೆ ಅಂತ ಅದರ ವಾದ. ಮುಂದೆ ಈ ಪರಂಪರೆಯವರು ನಾಲ್ಕು ಥರದ ಮನೋಭಾವ ಗುರುತಿಸಿದರು. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿ ಮೀಟಿಂಗ್ ನೆನೆಸಿಕೊಳ್ಳಿ, ನಾಲ್ವರೂ ಅಲ್ಲೇ ಸಿಗ್ತಾರೆ.

ಕಾಂಪೌಂಡಿನಲ್ಲಿ ದೊಡ್ಡ ಜನರೇಟರ್ ಇಡಬೇಕು ಅನ್ನೋ ಚರ್ಚೆ. ಒಬ್ಬರು ಹೇಳ್ತಾರೆ, "ಕಮಿಟಿ ನೋಡಿದೆ, ಎಂಜಿನಿಯರ್ ಸರ್ಟಿಫಿಕೇಟ್ ಇದೆ, ಇನ್ನೇನು?" ವ್ಯವಸ್ಥೆಯನ್ನು, ಪರಿಣತರನ್ನು ನಂಬುವವರು ಇವರು. ಎರಡನೆಯವರು, "ನನ್ನ ಫ್ಲಾಟಿನ ರೇಟು ಏರುತ್ತಾ ಇಳಿಯುತ್ತಾ? ಪರಿಹಾರ ಕೊಡಿ, ಒಪ್ಪಂದ ಮಾಡ್ಕೊಳ್ಳೋಣ" ಅಂತಾರೆ. ವ್ಯಕ್ತಿಯ ಸ್ವಾತಂತ್ರ್ಯ, ವ್ಯವಹಾರ ಇವರಿಗೆ ಮುಖ್ಯ. ಮೂರನೆಯವರು, "ಎ ವಿಂಗಿನವರಿಗೆ ಕರೆಂಟು, ಇ ವಿಂಗಿನ ಗ್ರೌಂಡ್ ಫ್ಲೋರಿನವರಿಗೆ ಹೊಗೆ, ಇದು ಯಾವ ನ್ಯಾಯ?" ಅಂತ ಎದ್ದು ನಿಲ್ತಾರೆ. ಸಮಾನತೆ ಇವರ ಅಳತೆಗೋಲು. ನಾಲ್ಕನೆಯವರು ಮೀಟಿಂಗಿಗೇ ಬರಲ್ಲ. "ನಾವು ಏನಂದ್ರೂ ಅವರು ಮಾಡೋದೇ ಮಾಡ್ತಾರೆ ಬಿಡ್ರೀ."

ನಾಲ್ವರಿಗೂ ಕೊಟ್ಟಿರೋ ಬ್ರೋಷರ್ ಒಂದೇ. ಅದನ್ನು ಇನ್ನೊಂದು ಸಲ ಹಂಚಿದರೆ ಮೂರನೆಯವರು ಸಮಾಧಾನ ಆಗ್ತಾರಾ? ಅವರು ಡೆಸಿಬಲ್ ಎಷ್ಟು ಅಂತ ಕೇಳಲೇ ಇಲ್ಲವಲ್ಲ.

ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಹಾನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇದನ್ನು ಅಳೆದು ನೋಡಿದರು. ವಿಜ್ಞಾನ, ಗಣಿತದ ತಿಳಿವಳಿಕೆ ಹೆಚ್ಚಾದ ಹಾಗೆ ಹವಾಮಾನದ ಅಪಾಯದ ಬಗ್ಗೆ ಜನರ ಅಭಿಪ್ರಾಯ ಹತ್ತಿರ ಬರಬೇಕಿತ್ತು. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆಗಿದ್ದು ಉಲ್ಟಾ. ಹೆಚ್ಚು ತಿಳಿದವರ ನಡುವೆಯೇ ಬಿರುಕು ಹೆಚ್ಚು. ಓದಿದವರು ತಮ್ಮ ಬಳಗದ ನಿಲುವಿಗೆ ಒಳ್ಳೇ ವಾದ ಹುಡುಕಿಕೊಳ್ಳೋದರಲ್ಲಿ ನಿಪುಣರು, ಅಷ್ಟೇ. ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪುಗಳಲ್ಲಿ ಇರೋರಿಗೆ ಇದು ಆಶ್ಚರ್ಯ ಆಗಲ್ಲ.

ಮೌಲ್ಯ ಅಂದ ತಕ್ಷಣ "ಓ, ಜರ್ಮನರು ಹೀಗೆ, ಜಪಾನೀಯರು ಹಾಗೆ" ಅಂತ ದೇಶಗಳಿಗೆ ಲೇಬಲ್ ಹಚ್ಚಬೇಡಿ. ಜರ್ಮನಿಯ ಬ್ರಾಂಡೆನ್‌ಬುರ್ಗ್ ಅನ್ನೋ ಒಂದೇ ರಾಜ್ಯ ನೋಡಿ. ಕೆಟ್ಸಿನ್ ಪಟ್ಟಣದ ಹತ್ತಿರ ಸರ್ಕಾರಿ ಸಂಶೋಧನಾ ಕೇಂದ್ರವೊಂದು 2008ರಿಂದ 2013ರವರೆಗೆ ಸುಮಾರು 67 ಸಾವಿರ ಟನ್ ನೆಲಕ್ಕಿಳಿಸಿತು, ಹೇಳಿಕೊಳ್ಳುವಂಥ ವಿರೋಧ ಬರಲಿಲ್ಲ. ಅದೇ ರಾಜ್ಯದ ಬೀಸ್ಕೋ ಕಡೆ ವಾಟನ್‌ಫಾಲ್ ವಿದ್ಯುತ್ ಕಂಪನಿ ತನ್ನ ಕಲ್ಲಿದ್ದಲು ಸ್ಥಾವರದ ಗ್ಯಾಸನ್ನು ಹೂಳ್ತೀನಿ ಅಂದಾಗ ರೈತರು, ಊರಿನವರು ತಿರುಗಿಬಿದ್ದರು. 2011ರ ಡಿಸೆಂಬರ್‌ನಲ್ಲಿ ಕಂಪನಿ, ದೇಶದಲ್ಲಿ ಸರಿಯಾದ ಕಾನೂನು ಆಗಿಲ್ಲ ಅನ್ನೋ ಕಾರಣ ಕೊಟ್ಟು, ಯೋಜನೆ ನಿಲ್ಲಿಸಿತು. ಮೊದಲನೆಯದು ಚಿಕ್ಕದು, ಕಲಿಯೋಕೆ ಅಂತ ಮಾಡಿದ್ದು. ಎರಡನೆಯದು ದೊಡ್ಡದು, ಕಲ್ಲಿದ್ದಲು ಸುಡೋದನ್ನು ಮುಂದುವರಿಸೋಕೆ ಅಂತ ಜನರಿಗೆ ಕಂಡಿದ್ದು. ಉದ್ದೇಶ ಏನು ಅನ್ನೋದು ಅಪಾಯದ ಗಾತ್ರವನ್ನೇ ಬದಲಿಸಿಬಿಡುತ್ತೆ.

ಜಪಾನಿನ ತೊಮಕೊಮೈ ಇನ್ನೊಂದು ಪಾಠ. ಬಂದರಿನ ಪಕ್ಕದಲ್ಲೇ 2016ರಿಂದ ಸಮುದ್ರದ ತಳಕ್ಕೆ ಗ್ಯಾಸ್ ಇಳಿಸ್ತಿದ್ದರು. 2018ರ ಸೆಪ್ಟೆಂಬರ್ 6ರಂದು ಹೊಕ್ಕೈಡೊದಲ್ಲಿ ದೊಡ್ಡ ಭೂಕಂಪ. ಇದರಿಂದಲೇ ಆಯ್ತಾ ಅಂತ ಅನುಮಾನ ಹುಟ್ಟೋದು ಸಹಜ. ಕಂಪನ, ಒತ್ತಡ, ಸಮುದ್ರದ ನೀರು ಎಲ್ಲದರ ಅಳತೆ ಮೊದಲಿನಿಂದಲೇ ನಡೀತಿತ್ತು. ಪರಿಣತರು ಅದನ್ನು ಪರಿಶೀಲಿಸಿ, ಸೋರಿಕೆ ಇಲ್ಲ, ಭೂಕಂಪಕ್ಕೂ ಇದಕ್ಕೂ ಸಂಬಂಧ ಕಾಣುತ್ತಿಲ್ಲ ಅಂದರು. 2019ರ ನವೆಂಬರ್ ಹೊತ್ತಿಗೆ 3 ಲಕ್ಷ ಟನ್ನಿನ ಗುರಿ ಮುಟ್ಟಿತು. ಅನುಮಾನ ಬಂದ ಮೇಲೆ ಅಳೆಯೋಕೆ ಶುರು ಮಾಡಿದ್ದರೆ ಆ ಮಾತನ್ನು ಯಾರು ನಂಬ್ತಿದ್ದರು?

ಜನರ ಭಯವನ್ನು ಬರೀ ಮನಸ್ಸಿನ ಆಟ ಅಂತಲೂ ತಳ್ಳಿಹಾಕೋ ಹಾಗಿಲ್ಲ. 2020ರ ಫೆಬ್ರವರಿಯಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸಟಾರ್ಷಿಯಾ ಹಳ್ಳಿಯ ಹತ್ತಿರ ಕಾರ್ಬನ್ ಡೈಆಕ್ಸೈಡ್ ಪೈಪ್‌ಲೈನ್ ಒಡೆಯಿತು. ಈ ಗ್ಯಾಸು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತೆ. ಕಾರುಗಳ ಎಂಜಿನ್ನು ನಿಂತುಹೋದವು, ಸುಮಾರು 200 ಜನರನ್ನು ಸ್ಥಳಾಂತರಿಸಿದರು, 45 ಜನ ಆಸ್ಪತ್ರೆಗೆ ಹೋದರು. ಇಲಿನಾಯ್ ರಾಜ್ಯದ ಡಿಕೇಟರ್‌ನಲ್ಲಿ, ಹೂಳಿದ ದ್ರವ ಅನುಮತಿ ಇದ್ದ ಪದರ ಬಿಟ್ಟು ಆಚೆ ಸರಿದಿದೆ ಅಂತ 2024ರಲ್ಲಿ ಹೊರಬಂತು. ಅದು ಕುಡಿಯುವ ನೀರಿನ ಪದರಕ್ಕಿಂತ ಬಹಳ ಕೆಳಗೆ. ಆದರೂ ಮರುವರ್ಷ ಆ ರಾಜ್ಯ ತನ್ನ ದೊಡ್ಡ ಕುಡಿಯುವ ನೀರಿನ ಆಸರೆಯಾದ ಮಹೋಮೆಟ್ ಅಂತರ್ಜಲದ ಪ್ರದೇಶದಲ್ಲಿ ಇದನ್ನು ನಿಷೇಧಿಸಿ ಕಾನೂನು ಮಾಡಿತು. ಬಂಡೆ ಕೈಕೊಡೋದಕ್ಕಿಂತ ಮೊದಲು ಪೈಪು, ಕೊಳವೆಬಾವಿ, ನಿರ್ವಹಣೆ ಕೈಕೊಡುತ್ತವೆ. ಪ್ರೊಡಕ್ಷನ್ ಸಪೋರ್ಟ್ ಮಾಡಿದ ನಮಗೆ ಇದು ಗೊತ್ತಿರೋದೇ.

ಸರಿ, ಇದೆಲ್ಲ ಎಲ್ಲೋ ಯುರೋಪು, ಅಮೆರಿಕದ ಕಥೆ, ನಮಗೇನು ಅಂತೀರಾ? ಐಸ್‌ಲ್ಯಾಂಡಿನ ಆ ಬಸಾಲ್ಟ್ ಕಲ್ಲು ಇದೆಯಲ್ಲ, ಅದೇ ಜಾತಿಯ ಕಲ್ಲಿನ ಮೇಲೆ ಪುಣೆ ಕೂತಿದೆ, ಮುಂಬೈ ಕೂತಿದೆ. ಡೆಕ್ಕನ್ ಟ್ರ್ಯಾಪ್, ಸುಮಾರು 5 ಲಕ್ಷ ಚದರ ಕಿಲೋಮೀಟರ್. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಅದರ ದಕ್ಷಿಣದ ಅಂಚು, ನಮ್ಮ ಎರೆ ಮಣ್ಣು ಹುಟ್ಟಿದ್ದೇ ಆ ಕಲ್ಲು ಸವೆದು. ಹೈದರಾಬಾದಿನ ಎನ್‌ಜಿಆರ್‌ಐ ವಿಜ್ಞಾನಿಗಳು ಈ ಕಲ್ಲನ್ನು ಇಂಗಾಲ ಹೂಳುವ ದೃಷ್ಟಿಯಿಂದ ಅಧ್ಯಯನ ಮಾಡಿದ್ದಾರೆ. ಇಂಗಾಲ ಹಿಡಿದು ಬಳಸುವ ಸಂಶೋಧನೆಗೆ ಮುಂಬೈನ ಐಐಟಿಯಲ್ಲಿ, ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ರಾಷ್ಟ್ರೀಯ ಕೇಂದ್ರಗಳಿವೆ. ನೀತಿ ಆಯೋಗ 2022ರಲ್ಲಿ ಈ ಬಗ್ಗೆ ವರದಿ ತಂದಿದೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳ ಸಾಲೇ ಇದೆ. ಸಿಮೆಂಟಿಗೆ ಸುಣ್ಣದಕಲ್ಲು ಕಾಯಿಸಿದಾಗ ಆ ಕಲ್ಲೇ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ, ಸೋಲಾರ್ ಹಾಕಿದರೂ ಅದು ತಪ್ಪಲ್ಲ. ಹಾಗಾಗಿ ಈ ಪ್ರಶ್ನೆ ಒಂದಿನ ನಮ್ಮ ಕಡೆ ಬಂದೇ ಬರುತ್ತೆ ಅಂತ ನನ್ನ ಅಂದಾಜು.

ಹೋದ ಸಲ ಊರಿಗೆ ಹೋದಾಗ ನಮ್ಮ ದೊಡ್ಡಪ್ಪನ ಮುಂದೆ ಈ ವಿಷಯ ತೆಗೆದೆ. ಹೊಲ ಮಾಡೋ ಮನುಷ್ಯ, ಎಪ್ಪತ್ತು ದಾಟಿದೆ. ಪೂರ್ತಿ ಕೇಳಿಸಿಕೊಂಡು ಕೇಳಿದರು:

"ತಮ್ಮಾ, ಅದು ಯಾರ ಹೊಗಿ?"

"ಸಿಮೆಂಟ್ ಫ್ಯಾಕ್ಟರಿದು ಅಂತ ಇಟ್ಕೋರಿ ದೊಡ್ಡಪ್ಪ."

"ಆ ಸಿಮೆಂಟ್ ಎಲ್ಲಿಗಿ ಹೋಗತೈತಿ?"

"ಪುಣೆ, ಹೈದರಾಬಾದ್... ದೊಡ್ಡ ದೊಡ್ಡ ಊರಿಗೆ."

"ಹಂಗಾದ್ರ ಅಲ್ಲೇ ಹೂಳ್ರಿ. ಪುಣೆದಾಗೂ ಇದ ಕಲ್ಲ ಐತಿ ಅಂತ ನೀನ ಹೇಳಿದಿ."

ನಾನು ನಕ್ಕೆ. ಅವರು ನಗಲಿಲ್ಲ. "ಮತ್ತ ನೀರು ಎಷ್ಟ ಬೇಕ?" ಅಂದರು. ಐಸ್‌ಲ್ಯಾಂಡಿನ ವಿಧಾನದಲ್ಲಿ ಒಂದು ಟನ್ ಗ್ಯಾಸಿಗೆ ಸುಮಾರು 25 ಟನ್ ನೀರು ಅಂದೆ. "ನಮ್ಮ ಬೋರಿಗೆ ನೀರಿಲ್ಲ. ಹೊಗಿಗೆ ನೀರು ಕುಡಸ್ತೀರಿ?"

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 10 ಲಕ್ಷ ಟನ್ ಹೂಳಬೇಕಾದರೆ ಎರಡೂವರೆ ಕೋಟಿ ಟನ್ ನೀರು. ನಮಗೆ ಅರ್ಥವಾಗೋ ಭಾಷೆಯಲ್ಲಿ ಸುಮಾರು 0.9 ಟಿಎಂಸಿ. ಒಂದೊಂದು ಟಿಎಂಸಿಗೂ ನ್ಯಾಯಮಂಡಳಿ ಮೆಟ್ಟಿಲು ಹತ್ತಿದ ಕೃಷ್ಣಾ ಕೊಳ್ಳ ನಮ್ಮದು. ಸಮುದ್ರದ ನೀರು ಬಳಸಬಹುದೇ ಅಂತ ವಿಜ್ಞಾನಿಗಳು ಪ್ರಯತ್ನ ಮಾಡ್ತಿದ್ದಾರೆ, ಆದರೆ ವಿಜಯಪುರಕ್ಕೆ ಸಮುದ್ರ ಎಲ್ಲಿದೆ? ನೀರನ್ನೇ ಮೊದಲ ಮೌಲ್ಯ ಮಾಡಿಕೊಂಡ ಬದುಕಿನಿಂದ ಬಂದ ಪ್ರಶ್ನೆ, ತಂತ್ರಜ್ಞಾನದ ನಿಜವಾದ ಇಕ್ಕಟ್ಟಿಗೇ ನೇರವಾಗಿ ಹೋಗಿ ಮುಟ್ಟಿತು. ಯಾವ ಜಾಗೃತಿ ಕಾರ್ಯಕ್ರಮವೂ ಅವರಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಭೂಕಂಪದ ಮಾತೂ ಬರುತ್ತೆ. 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ನೆಲ ನಡುಗಿತು, ಜಲಾಶಯ ತುಂಬಿದ್ದೇ ಅದಕ್ಕೆ ಪ್ರಚೋದನೆ ಅಂತ ವಿಜ್ಞಾನಿಗಳೇ ಹೇಳ್ತಾರೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯಲ್ಲಿ ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು, ಕಲಬುರಗಿ, ಬೀದರಿನವರಿಗೆ ಆ ರಾತ್ರಿ ಇನ್ನೂ ನೆನಪಿದೆ. ಎರಡೂ ಈ ಡೆಕ್ಕನ್ ನೆಲವೇ. ಇಂಥ ಜಾಗದಲ್ಲಿ "ಒತ್ತಡ ಹಾಕಿ ನೆಲದೊಳಗೆ ಇಳಿಸ್ತೀವಿ" ಅಂದಾಗ ಜನ ಹೆದರಿದರೆ ಅದನ್ನು ಮೂಢನಂಬಿಕೆ ಅನ್ನೋಕಾಗಲ್ಲ. ಅದು ನೆನಪು.

ನನ್ನ ನಿಲುವು ಹೇಳಿಬಿಡ್ತೀನಿ. ಸಿಮೆಂಟ್, ಉಕ್ಕು ಇರೋವರೆಗೆ ಈ ತಂತ್ರಜ್ಞಾನ ಬೇಕಾಗುತ್ತೆ. ಅದು ನಮ್ಮ ಕಡೆ ಬರೋದಾದರೆ ಗುದ್ದಲಿಪೂಜೆಗೆ ಮೊದಲು ಮೂರು ಪ್ರಶ್ನೆಗೆ ಕನ್ನಡದಲ್ಲಿ, ಬರಹದಲ್ಲಿ ಉತ್ತರ ಬೇಕು. ಒಂದು, ಯಾರ ಹೊಗೆ, ಯಾರಿಗೆ ಲಾಭ? ಎರಡು, ಬೇಡ ಅನ್ನೋ ಹಕ್ಕು ಗ್ರಾಮಸಭೆಗೆ ಇದೆಯೋ ಇಲ್ಲವೋ? ಮೂರು, 50 ವರ್ಷದ ನಂತರ ಆನ್‌ಕಾಲ್ ಯಾರು? ಯುರೋಪಿನ 2009ರ ನಿಯಮದಲ್ಲಿ, ಬಾವಿ ಮುಚ್ಚಿದ ಮೇಲೆ ಸಾಮಾನ್ಯವಾಗಿ ಕನಿಷ್ಠ 20 ವರ್ಷ ಕಂಪನಿಯದೇ ಹೊಣೆ, ಎಲ್ಲ ಭದ್ರ ಅಂತ ಸಾಬೀತಾದ ಮೇಲೆ ಸರ್ಕಾರಕ್ಕೆ ವರ್ಗ. ನಮ್ಮಲ್ಲಿ ಎಷ್ಟು ವರ್ಷ ಅಂತ ಮೊದಲೇ ಬರೆದಿಡಬೇಕು.

ಇದರಲ್ಲಿ ನಮ್ಮಂಥವರಿಗೆ ಎರಡು ಪಾತ್ರ. ಡೇಟಾ ನೋಡೋರು ನಾವು. ಅದನ್ನು ಗ್ರಾಹಕರ ಲಾಗಿನ್ ಹಿಂದೆ ಮುಚ್ಚಿಡದೆ, ಪಂಚಾಯಿತಿ ಕಟ್ಟೆಯ ಮೇಲೆ ಓದೋ ಹಾಗೆ ಮಾಡೋಕೆ ಬರುತ್ತೆ ನಮಗೆ. ಇನ್ನೊಂದು ಪಾತ್ರ ಸ್ವಲ್ಪ ಕಷ್ಟದ್ದು. ಆ ಸಿಮೆಂಟಿನ ಫ್ಲಾಟಿನಲ್ಲಿ ಇರೋರೂ ನಾವೇ. ಹೊಗೆಯಲ್ಲಿ ನಮ್ಮ ಪಾಲಿದೆ. ಊರಿನವರಿಗೆ ತಿಳಿವಳಿಕೆ ಹೇಳೋ ಸ್ಥಾನದಲ್ಲಿ ನಿಲ್ಲೋ ಮೊದಲು ಇದನ್ನು ಒಪ್ಪಿಕೊಂಡು ಕೂತರೆ ಮಾತು ಬೇರೆ ಥರ ನಡೆಯುತ್ತೆ.

ಈ ಸಲ ಊರಿಗೆ ಫೋನ್ ಮಾಡಿದಾಗ ನಿಮ್ಮ ಹಿರಿಯರಿಗೂ ಈ ವಿಷಯ ಹೇಳಿ ನೋಡಿ. ವಿವರಿಸಿ, ಆಮೇಲೆ ಸುಮ್ಮನಿರಿ. ಅವರು ಕೇಳೋ ಮೊದಲ ಪ್ರಶ್ನೆ ಏನು ಅಂತ ಕೆಳಗೆ ಬರೆಯಿರಿ. ಕರಾವಳಿಯವರದು ಒಂದು ಥರ, ಮಲೆನಾಡಿನವರದು ಇನ್ನೊಂದು ಥರ ಇರಬಹುದು. ನನಗೆ ಅವೆಲ್ಲ ಬೇಕು.